ಸ್ಲಾಟ್ ಹೊಡೆಯೋವಾಗ ರೂಟರ್ ಯಾವ ಕಡೆ ಎಳೆಯುತ್ತೆ?

ಪುಣೆಯ ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿಂದ ಒಂದು ಶೀಟ್ ಪ್ಲೈ, ಆನ್‌ಲೈನಲ್ಲಿ ಒಂದು ಟ್ರಿಮ್ಮರ್ (ಬಿಟ್ ಅನ್ನೋ ಹಲ್ಲಿನ ತುದಿ ತಿರುಗಿಸಿ ಮರ ಕೊರೆಯೋ ಸಣ್ಣ ರೂಟರ್), ಅದರ ಜೊತೆ ಬಂದ ಬಿಟ್ ಡಬ್ಬಿ, ಇಷ್ಟು ಇಟ್ಕೊಂಡು ಬಾಲ್ಕನಿಯಲ್ಲೇ ಬುಕ್‌ಶೆಲ್ಫ್ ಮಾಡೋ ನಮ್ಮ ಕನ್ನಡದ ಹುಡುಗರು ವಾಕಡ್, ಹಿಂಜವಡಿ ಕಡೆ ಸುಮಾರು ಜನ ಇದ್ದಾರೆ. ಅವರು ನನಗೆ ಕೇಳೋದು ಮೂರೇ: ಸರ್ ಗ್ರೂವ್ (ಪ್ಯಾನೆಲ್ ಕೂರೋ ಸ್ಲಾಟ್) ಸೊಟ್ಟ ಬಂತು, ಸರ್ ಮರ ಕಪ್ಪಾಯ್ತು, ಸರ್ ಬಿಟ್ ಮುರೀತು.

ಅಂಚು ರೌಂಡ್ ಮಾಡೋವಾಗ ಬಿಟ್‌ನ ಒಂದು ಕಡೆ ಮಾತ್ರ ಮರ ಇರುತ್ತೆ, ಇನ್ನೊಂದು ಕಡೆ ಖಾಲಿ, ಹೊಟ್ಟು ಹಾರಿ ಹೋಗುತ್ತೆ. ಸ್ಲಾಟ್‌ನಲ್ಲಿ ಹಾಗಲ್ಲ, ಎರಡೂ ಕಡೆ ಮರ, ಹೊಟ್ಟಿಗೆ ಹೊರಗೆ ಹೋಗೋಕೆ ದಾರಿ ಕಮ್ಮಿ, ಅದು ಅಲ್ಲೇ ಸುತ್ತಿ ಸುತ್ತಿ ಬಿಸಿಯಾಗುತ್ತೆ, ಬಿಸಿಗೆ ಬಿಟ್ ಮೊಂಡಾಗುತ್ತೆ, ಮೊಂಡಾದ ಮೇಲೆ ನೀವು ಇನ್ನೂ ಜೋರಾಗಿ ಒತ್ತುತ್ತೀರಿ. ಅದಕ್ಕೇ 6 ಎಂಎಂ ಅಗಲ ಕೊರೆಯೋ ಬಿಟ್‌ನಲ್ಲಿ ಒಂದು ಸಲಕ್ಕೆ 3 ಎಂಎಂ ಆಳ ಸಾಕು, 9 ಎಂಎಂ ಬೇಕಾದ್ರೆ ಮೂರು ಸಲ ಹೋಗಿ. ಟೈಮ್ ಹೆಚ್ಚೇನೂ ಹಿಡಿಯಲ್ಲ. ಹಾಗಂತ ತೀರಾ ನಿಧಾನಕ್ಕೂ ತಳ್ಳಬೇಡಿ, ಒಂದೇ ಕಡೆ ನಿಂತ್ರೆ ಆಳ ಕಮ್ಮಿ ಇದ್ರೂ ಸುಡುತ್ತೆ.

ಈಗ ಸೊಟ್ಟ ಹೋಗೋ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಕೈಯಲ್ಲಿ ಹಿಡಿದ ರೂಟರನ್ನ ಮೇಲಿಂದ ನೋಡಿದ್ರೆ ಬಿಟ್ ಗಡಿಯಾರದ ಮುಳ್ಳಿನ ಹಾಗೇ ತಿರುಗುತ್ತೆ. ನಿಮ್ಮಿಂದ ದೂರಕ್ಕೆ ತಳ್ಳೋವಾಗ ಮುಂದಿನ ಹಲ್ಲು ಎಡದಿಂದ ಬಲಕ್ಕೆ ಕೊರೆಯುತ್ತೆ, ಹಾಗಾಗಿ ಮಷಿನ್ ಎಡಕ್ಕೆ ಸರಿಯುತ್ತೆ. ಅದು ಎಷ್ಟೇ ಗಟ್ಟಿ ಹಿಡಿದ್ರೂ ಸರಿಯುತ್ತೆ, ಜಗಳ ಆಡೋ ಬದಲು ಅದನ್ನೇ ಬಳಸಿಕೊಳ್ಳಿ: ಕ್ಲ್ಯಾಂಪ್ ಮಾಡಿದ ನೇರ ಪಟ್ಟಿ ಇಡ್ತಿದ್ರೆ ರೂಟರ್‌ನ ಎಡಕ್ಕೆ ಇಡಿ, ಆಗ ಮಷಿನ್ ತಾನಾಗೇ ಪಟ್ಟಿಗೆ ಅಂಟ್ಕೊಂಡು ಹೋಗುತ್ತೆ. ರೂಟರ್‌ಗೇ ಹಾಕೋ ಎಡ್ಜ್ ಗೈಡ್ (ಮರದ ಅಂಚಿಗೆ ತಾಗಿ ಓಡೋ ಪಟ್ಟಿ) ಆದ್ರೆ ಉಲ್ಟಾ, ಬಲಗಡೆ ಅಂಚಿಗೆ ಹಾಕಿ. ಸ್ಲಾಟ್ ಅಗಲ ಮಾಡ್ಬೇಕಾ? ಎಡ ಗೋಡೆಯನ್ನೇ ಕೊರೆಯಿರಿ, ಬಲ ಗೋಡೆ ಬೇಕಾದ್ರೆ ಆ ತುದಿಯಿಂದ ಈ ಕಡೆಗೆ ಬನ್ನಿ, ಇಲ್ಲಾಂದ್ರೆ ಬಿಟ್ ಮರಕ್ಕೆ ಹತ್ತಿ ಮಷಿನ್ನೇ ಕೈಯಿಂದ ಎಳ್ಕೊಂಡು ಓಡುತ್ತೆ.

ಶ್ಯಾಂಕ್ (ಬಿಟ್‌ನಲ್ಲಿ ಮಷಿನ್ ಒಳಗೆ ಹೋಗೋ ಕಡ್ಡಿ) ನೋಡಿ. ಕಾಲಿಂಚಿನ ಶ್ಯಾಂಕ್ ಅಂದ್ರೆ 6.35 ಎಂಎಂ, 6 ಎಂಎಂ ಬೇರೆ, ಕಣ್ಣಿಗೆ ಒಂದೇ ಥರ ಕಾಣುತ್ತೆ. 6 ಎಂಎಂ ಶ್ಯಾಂಕಿನ ಬಿಟ್ಟನ್ನ ಕಾಲಿಂಚಿನ ಕೊಲೆಟ್‌ಗೆ (ಶ್ಯಾಂಕ್ ಹಿಡಿಯೋ ಹಿಡಿಕೆಗೆ) ಹಾಕಿ ನಟ್ ಬಿಗಿ ಮಾಡಿದ್ರೂ ಹಿಡಿತ ಇರಲ್ಲ, ತಿರುಗ್ತಾ ತಿರುಗ್ತಾ ಹೊರಗೆ ಜಾರುತ್ತೆ, ಸ್ಲಾಟ್ ಆಳ ಆಗ್ತಾ ಹೋಗುತ್ತೆ, ಪ್ಲೈ ತೂತಾದ ಮೇಲೇ ಗೊತ್ತಾಗೋದು. ಅಪ್ ಸ್ಪೈರಲ್ ಬಿಟ್ (ಸುರುಳಿ ಹಲ್ಲಿನದು) ಹೊಟ್ಟನ್ನ ಮೇಲಕ್ಕೆ ಎತ್ತುತ್ತೆ, ಸ್ಲಾಟ್‌ಗೆ ಒಳ್ಳೇದೇ, ಆದ್ರೆ ಅದೇ ಜೋರಿಗೆ ತಾನೂ ಕೊಲೆಟ್‌ನಿಂದ ಹೊರಕ್ಕೆ ಜಾರೋಕೆ ನೋಡುತ್ತೆ, ಪ್ಲೈನ ಮೇಲಿನ ವೆನೀರನ್ನೂ (ತೆಳು ಮರದ ಪದರ) ಕಿತ್ತು ಎಬ್ಬಿಸುತ್ತೆ. ಬಿಟ್ ಹಾಕೋವಾಗ ಶ್ಯಾಂಕನ್ನ ಪೂರ್ತಿ ಒಳಗೆ ತಳ್ಳಿ 2-3 ಎಂಎಂ ವಾಪಸ್ ಎಳೆದು ಬಿಗಿ ಮಾಡಿ. ಇದನ್ನ ಪ್ಲಗ್ ಕಿತ್ತಿಟ್ಟೇ ಮಾಡಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ.

ಡಿಸ್ಕ್ ಥರ ಇರೋ ಸ್ಲಾಟ್ ಕಟರ್ ಸಣ್ಣ ಟ್ರಿಮ್ಮರ್‌ಗೆ ಬೇಡವೇ ಬೇಡ. 50 ಎಂಎಂ ಕಟರ್ 30,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿದ್ರೆ ಅದರ ಹಲ್ಲಿನ ವೇಗ ಗಂಟೆಗೆ 280 ಕಿಮೀ ದಾಟುತ್ತೆ, ನಮ್ಮ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ ಲಿಮಿಟ್ಟೇ 100! ಸ್ಪೀಡ್ ಕಂಟ್ರೋಲ್ ಇರೋ ದೊಡ್ಡ ರೂಟರ್ ತಗೊಂಡು, ಕಟರ್ ಮೇಲೆ ಬರೆದಿರೋ ಮ್ಯಾಕ್ಸಿಮಮ್ ಆರ್‌ಪಿಎಂಗಿಂತ ಕೆಳಗೇ ಓಡಿಸಿ. ರೂಟರನ್ನ ಕೆಳಗಿಂದ ಉಲ್ಟಾ ಕೂರಿಸಿದ ಟೇಬಲ್ ಮೇಲೆ ಕೆಲಸ ಮಾಡೋವಾಗ ಮರ ಬಲದಿಂದ ಎಡಕ್ಕೆ ತಳ್ಳಿ, ಫೆನ್ಸ್ (ಟೇಬಲ್ ಮೇಲಿನ ನೇರ ಅಡ್ಡಪಟ್ಟಿ) ಮತ್ತು ಬಿಟ್ ಮಧ್ಯೆ ಮರ ಸಿಕ್ಕಿಸಬೇಡಿ.

ಕನ್ನಡಕ, ಇಯರ್ ಮಫ್, ಮಾಸ್ಕ್ ಹಾಕ್ಕೊಳ್ಳಿ, ಪ್ಲೈ ಅಂಟಿನ ಧೂಳು ಒಳಗೆ ಹೋಗೋದು ಬೇಡ. ಸಡಿಲ ಗ್ಲೌಸ್ ಮಾತ್ರ ಹಾಕಬೇಡಿ, ಅದು ಬಿಟ್‌ಗೆ ಸಿಕ್ಕಿದ್ರೆ ಬೆರಳೂ ಜೊತೆಗೇ ಹೋಗುತ್ತೆ. ಆಮೇಲೆ ಸ್ಲಾಟ್ ಅಳತೆ ಹಾಕೋ ಮುಂಚೆ ಪ್ಲೈ ದಪ್ಪ ಕ್ಯಾಲಿಪರ್‌ನಲ್ಲಿ ನೋಡಿ, 18 ಎಂಎಂ ಅಂತ ಮಾರೋದು ಯಾವಾಗ್ಲೂ 18 ಇರಲ್ಲ, ಒಂದು ವೇಸ್ಟ್ ತುಂಡಿನಲ್ಲಿ ಟ್ರೈ ಮಾಡಿ ಪ್ಯಾನೆಲ್ ಕೂತ್ರೆ ಆಮೇಲೆ ಒಳ್ಳೇ ಶೀಟಿಗೆ ಹೋಗಿ.