ಮಿಣುಕು ದೀಪಗಳ ಕೆಳಗಿನ ಜ್ಯಾಮಿತಿ

ಪಿನ್‌ಬಾಲ್ ಎಂದರೆ ಇಳಿಜಾರು ಹಲಗೆಯ ಮೇಲೆ ಉರುಳುವ ಚೆಂಡನ್ನು ಹೊಡೆದು ಗುರಿ ಮುಟ್ಟಿಸುವ ಆಟ; ಅದರ ಯಂತ್ರಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದಾಗ ಹೆಚ್ಚಿನವರ ನೋಟ ಮೊದಲು ಹೋಗುವುದು ಹಿಂಬದಿಯಲ್ಲಿ ಎದ್ದು ನಿಂತ ಪೆಟ್ಟಿಗೆಯ ಕಡೆಗೆ. ಅಲ್ಲಿಯ ಬಣ್ಣದ ಚಿತ್ರ, ಪರದೆಯ ಮೇಲೆ ಓಡುವ ದೃಶ್ಯ, ದೀಪಗಳ ಕುಣಿತ, ಸ್ಪೀಕರಿನ ಅಬ್ಬರ ಇವೆಲ್ಲ ಎಷ್ಟು ಜೋರಾಗಿದ್ದರೆ ಯಂತ್ರ ಅಷ್ಟು ಚೆನ್ನಾಗಿದೆ ಎಂದು ಅವರು ಎಣಿಸುತ್ತಾರೆ. ಚೆಂಡು ಎತ್ತ ಹೋಗುವುದೆಂಬುದು ಬರಿಯ ಅದೃಷ್ಟ, ಆದ್ದರಿಂದ ಈ ಆಟದಲ್ಲಿ ಕೊನೆಗೆ ಉಳಿಯುವುದು ತಮಾಷೆಯೊಂದೇ ಎಂಬ ನಂಬಿಕೆಯೂ ಇದಕ್ಕೆ ಅಂಟಿಕೊಂಡೇ ಇರುತ್ತದೆ. ಫ್ಲಿಪ್ಪರ್, ಅಂದರೆ ಪೆಟ್ಟಿಗೆಯ ಬದಿಯ ಗುಂಡಿ ಒತ್ತಿದಾಗ ಮೇಲೆದ್ದು ಚೆಂಡನ್ನು ಹೊಡೆಯುವ ಪುಟ್ಟ ಕೋಲು, ಹೇಗೆ ಕೆಲಸ ಮಾಡುತ್ತದೆಂದು ಒಮ್ಮೆ ಗಮನಿಸಿದವರಿಗೆ ಈ ಎರಡು ನಂಬಿಕೆಗಳೂ ನಿಲ್ಲುವುದಿಲ್ಲ.

ಆಟದ ಹಲಗೆ ಸಾಮಾನ್ಯವಾಗಿ 6.5 ಡಿಗ್ರಿಯಷ್ಟು ಆಟಗಾರನ ಕಡೆಗೆ ಇಳಿಜಾರಾಗಿರುತ್ತದೆ. ಅದರ ಮೇಲೆ ಸುಮಾರು 27 ಮಿಲಿಮೀಟರ್ ವ್ಯಾಸದ, 80 ಗ್ರಾಂ ತೂಕದ ಉಕ್ಕಿನ ಗುಂಡು ಉರುಳುತ್ತದೆ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಗುರುತ್ವದ ಒಂಬತ್ತರಲ್ಲೊಂದು ಪಾಲು ಮಾತ್ರ ಗುಂಡನ್ನು ಕೆಳಕ್ಕೆ ಎಳೆಯುತ್ತದೆ, ಅದರಲ್ಲೂ ಏಳರಲ್ಲಿ ಎರಡು ಪಾಲು ಗುಂಡನ್ನು ತಿರುಗಿಸುವುದಕ್ಕೇ ಖರ್ಚಾಗುತ್ತದೆ. ಪಕ್ಕದ ಓಣಿಯಲ್ಲಿ 15 ಸೆಂಟಿಮೀಟರ್ ಉರುಳಿ ಫ್ಲಿಪ್ಪರಿಗೆ ಇಳಿದು ಬರುವ ಗುಂಡಿನ ವೇಗವನ್ನು ಹೀಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಅರ್ಧ ಮೀಟರಿನಷ್ಟಾಗುತ್ತದೆ. ಅಂದರೆ ಪ್ರತಿ ಮಿಲಿಸೆಕೆಂಡಿಗೆ ಅದು ಅರ್ಧ ಮಿಲಿಮೀಟರ್ ಸರಿಯುತ್ತದೆ. ಬಲಗಡೆಯ ಫ್ಲಿಪ್ಪರಿನ ಬುಡದಲ್ಲಿ ಗುಂಡಿರುವಾಗಲೇ ಗುಂಡಿ ಒತ್ತಿದರೆ ಅದು ನೇರಕ್ಕೋ ಬಲಕ್ಕೋ ಹೋಗುತ್ತದೆ. ತಡೆದು, ತುದಿಗೆ ಬಂದಾಗ ಒತ್ತಿದರೆ ಹಲಗೆಯನ್ನು ಓರೆಯಾಗಿ ದಾಟಿ ಎಡತುದಿಗೆ ಹಾರುತ್ತದೆ. ಆ ಏಳೂವರೆ ಸೆಂಟಿಮೀಟರ್ ಉದ್ದದ ರಬ್ಬರು ಸುತ್ತಿದ ಕೋಲಿನ ಮೇಲೆ ಹಲಗೆಯ ಇಡೀ ನಕಾಶೆಯೇ ಮಡಚಿ ಕುಳಿತಿರುತ್ತದೆ. ಪಿಟೀಲಿನ ತಂತಿಯ ಮೇಲೆ ಬೆರಳು ಕೂದಲೆಳೆಯಷ್ಟು ಜರುಗಿದರೆ ಸ್ವರ ಬೇರೆಯಾಗುವಂತೆ, ಇಲ್ಲಿ ಗುಂಡು ಕೂದಲೆಳೆಯಷ್ಟು ಜರುಗಿದರೆ ಗುರಿಯೇ ಬೇರೆಯಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ತಂತಿ ನಿಮಗಾಗಿ ಕಾಯುವುದಿಲ್ಲ.

ಕಾಯಿಸುವ ಉಪಾಯವೂ ಒಂದಿದೆ, ಮತ್ತು ನನ್ನ ಮಟ್ಟಿಗೆ ಇಡೀ ಯಂತ್ರದ ಅತ್ಯಂತ ಸೊಗಸಾದ ಭಾಗವೇ ಅದು. ಹಳೆಯ ವಿನ್ಯಾಸದ ಫ್ಲಿಪ್ಪರಿನ ಕೆಳಗಿರುವ, ವಿದ್ಯುತ್ತು ಹರಿದಾಗ ಅದನ್ನು ಎತ್ತುವ ಅಯಸ್ಕಾಂತವಾದ ಸೊಲೆನಾಯ್ಡಿನಲ್ಲಿ ಒಂದಲ್ಲ, ಎರಡು ತಂತಿಸುರುಳಿಗಳಿರುತ್ತವೆ. ಮೊದಲನೆಯದು ದಪ್ಪ ತಂತಿಯದು. ಕೆಲವೇ ಓಮ್ ರೋಧವಿರುವುದರಿಂದ ವಿದ್ಯುತ್ತು ಭರದಿಂದ ನುಗ್ಗಿ ಫ್ಲಿಪ್ಪರನ್ನು ರಪ್ಪನೆ ಮೇಲಕ್ಕೆ ಎಸೆಯುತ್ತದೆ. ಫ್ಲಿಪ್ಪರ್ ತನ್ನ ಏರಿಕೆಯ ಕೊನೆ ಮುಟ್ಟಿದ ಕ್ಷಣ ಒಂದು ಸಣ್ಣ ಸ್ವಿಚ್ಚು ತೆರೆದುಕೊಂಡು, ವಿದ್ಯುತ್ತು ತೆಳು ತಂತಿಯ ಎರಡನೆಯ ಸುರುಳಿಯ ಮೂಲಕವೂ ಹರಿಯಲೇಬೇಕಾಗುತ್ತದೆ. ಅದರ ರೋಧ ಹತ್ತಾರು ಪಟ್ಟು ಹೆಚ್ಚು. ಸಿಕ್ಕಿಕೊಂಡ ಬಾಗಿಲನ್ನು ದೂಡಿ ತೆರೆಯಲು ಭುಜ ಬೇಕು, ತೆರೆದ ಬಾಗಿಲನ್ನು ಹಿಡಿದಿರಲು ಕಿರುಬೆರಳು ಸಾಕು. ಈ ಕಿರುಬೆರಳು ಇಲ್ಲದಿದ್ದರೆ ಭುಜದ ಸುರುಳಿಯೇ ಎಲ್ಲವನ್ನೂ ಹೊತ್ತು ಕೆಲವೇ ಕ್ಷಣಗಳಲ್ಲಿ ಸುಟ್ಟು ಕರಕಲಾಗುತ್ತಿತ್ತು. ಹೀಗೆ ಎತ್ತಿ ಹಿಡಿದ ಫ್ಲಿಪ್ಪರಿನ ಬುಡದಲ್ಲಿ ಗುಂಡು ತೊಟ್ಟಿಲಲ್ಲಿ ಮಲಗಿದಂತೆ ನಿಲ್ಲುತ್ತದೆ. ಆಟಗಾರ ಉಸಿರು ಬಿಟ್ಟು, ಹಲಗೆಯನ್ನು ಓದಿ, ಮುಂದೇನೆಂದು ತೀರ್ಮಾನಿಸಬಹುದು. ಯೋಚಿಸಲು ಎಡೆಯಿಲ್ಲದ ಕಡೆ ನಿಯಮಗಳಿಗೆ ಅರ್ಥವಿಲ್ಲ. ಆ ಎಡೆಯನ್ನು ಒದಗಿಸಿಕೊಟ್ಟದ್ದು ಈ ತೆಳು ತಂತಿ.

ಇತಿಹಾಸವೂ ಇದನ್ನೇ ಹೇಳುತ್ತದೆ. ನ್ಯೂಯಾರ್ಕ್ ನಗರದ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ 1942ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆದರು. ಇಂದು ಅದನ್ನು ನಗೆಪಾಟಲು ಮಾಡುವವರು ಒಂದು ಅಂಶವನ್ನು ಮರೆಯುತ್ತಾರೆ: ಆಗಿನ ಯಂತ್ರಗಳಲ್ಲಿ ಫ್ಲಿಪ್ಪರೇ ಇರಲಿಲ್ಲ. ಸ್ಪ್ರಿಂಗಿನ ಕೋಲನ್ನು ಎಳೆದು ಬಿಟ್ಟ ಮೇಲೆ ಪೆಟ್ಟಿಗೆಯನ್ನು ಮೆಲ್ಲನೆ ತಳ್ಳುವುದರ ಹೊರತು ಮಾಡಲು ಬೇರೇನೂ ಇರಲಿಲ್ಲ. ಗಾಟ್‌ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ಯಲ್ಲಿ ಫ್ಲಿಪ್ಪರ್ ಕಾಣಿಸಿಕೊಂಡದ್ದು 1947ರಲ್ಲಿ; ಆದರೆ ನಿಷೇಧ ತೆರವಾದದ್ದು 1976ರಲ್ಲಿ, ಆಟದಲ್ಲಿ ಕೈಚಳಕವಿದೆಯೆಂದು ಪತ್ರಕರ್ತ ಹಾಗೂ ಆಟಗಾರ ರೋಜರ್ ಶಾರ್ಪ್ ನಗರಸಭೆಯ ಸದಸ್ಯರ ಮುಂದೆ ಆಡಿ ತೋರಿಸಿದ ಮೇಲೆ. ತಮಾಷೆಯೆಂದರೆ ಅವರು ಕೊನೆಯಲ್ಲಿ ಪಂಥ ಕಟ್ಟಿದ್ದು ಫ್ಲಿಪ್ಪರಿನ ಹೊಡೆತದ ಮೇಲಲ್ಲ, ಅದೇ ಹಳೆಯ ಸ್ಪ್ರಿಂಗ್ ಕೋಲಿನ ಮೇಲೆ: ಗುಂಡು ನಡುವಿನ ಓಣಿಯಲ್ಲಿ ಇಳಿಯುತ್ತದೆ ಎಂದರು, ಅದು ಹಾಗೆಯೇ ಇಳಿಯಿತು.

ಕೈಚಳಕ ಇದೆಯೆಂದ ಮೇಲೆ ಹಲಗೆಯ ವಿನ್ಯಾಸವೆಂದರೆ ಅಪಾಯಗಳ ಹಂಚಿಕೆ ಎಂದೇ ಅರ್ಥ. ಎರಡು ಫ್ಲಿಪ್ಪರುಗಳ ನಡುವೆ ಗುಂಡು ಜಾರಿ ಕಳೆದುಹೋಗುವ ಕಂಡಿಯಿದೆ. ಅದರ ನೇರ ಎದುರಿಗೆ ಗೋಡೆಯಂತೆ ನಿಂತ ಯಾವ ಗುರಿಗೆ ಬಡಿದರೂ ಗುಂಡು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿ ಆ ಕಂಡಿಯತ್ತಲೇ ಧಾವಿಸುತ್ತದೆ. ರ‍್ಯಾಂಪ್ ಎಂಬ ಏರುದಾರಿಯನ್ನು ಹತ್ತಿದ ಗುಂಡಾದರೋ ತಂತಿಯ ಹಳಿಯ ಮೇಲೆ ಸುತ್ತಿಬಂದು ಫ್ಲಿಪ್ಪರಿನ ಪಕ್ಕದ ಓಣಿಗೆ ಸಾಧುವಾಗಿ ಇಳಿಯುತ್ತದೆ. ಹಾಗಾದರೆ ಜಾಣ ಆಟಗಾರ ದಿನವಿಡೀ ರ‍್ಯಾಂಪನ್ನೇ ಹೊಡೆಯುತ್ತಾ ಕೂರಬಾರದೇಕೆ? ಇಲ್ಲಿ ನಿಯಮಗಳು ಪ್ರವೇಶಿಸುತ್ತವೆ: ಅಪಾಯದ ಗುರಿಗೆ ದೊಡ್ಡ ಬಹುಮಾನವನ್ನಿಟ್ಟು ಅವು ಆಟಗಾರನನ್ನು ಅತ್ತ ಸೆಳೆಯುತ್ತವೆ.

ಇದನ್ನು ಪರೀಕ್ಷಿಸಲು ಅನಾಯಾಸವಾಗಿ ಒದಗಿಬಂದ ಒಂದು ಪ್ರಯೋಗವಿದೆ. ಬ್ರಯನ್ ಎಡ್ಡಿ ವಿನ್ಯಾಸಗೊಳಿಸಿದ ‘ಅಟ್ಯಾಕ್ ಫ್ರಮ್ ಮಾರ್ಸ್’ (1995) ಮತ್ತು ‘ಮೆಡೀವಲ್ ಮ್ಯಾಡ್‌ನೆಸ್’ (1997) ಎಂಬ ಯಂತ್ರಗಳ ಅಸ್ಥಿಪಂಜರ ಹೆಚ್ಚುಕಡಿಮೆ ಒಂದೇ: ನಟ್ಟನಡುವೆ ಅಪಾಯದ ಗುರಿ, ಅದರ ಎರಡು ಬದಿಗೆ ರ‍್ಯಾಂಪುಗಳು, ಅಂಚಿನಲ್ಲಿ ಸುತ್ತುದಾರಿಗಳು. ಮೊದಲನೆಯದರಲ್ಲಿ ನಡುವೆ ಹಾರುವ ತಟ್ಟೆಯಿದೆ, ಅದರ ಮುಂದೆ ಮೂರು ಗುರಿಗಳ ತಡೆ. ಎರಡನೆಯದರಲ್ಲಿ ಕೋಟೆಯಿದೆ, ಅದರ ಮುಂದೆ ಎತ್ತಿಳಿಸುವ ಸೇತುವೆ. ಚಿತ್ರ, ಸಂಗೀತ, ಹಾಸ್ಯ ಎಲ್ಲವೂ ಬೇರೆ. ಬೆರಳುಗಳ ಅನುಭವ ಮಾತ್ರ ಅಣ್ಣತಮ್ಮಂದಿರದು. ಸೇತುವೆಗೆ ಗುಂಡು ಬಡಿದು ಹಿಂದಕ್ಕೆ ಸಿಡಿದಾಗ ಎದೆ ಧಸಕ್ಕೆನ್ನುವುದು ರಾಜನ ಬೆದರಿಕೆಯ ಮಾತಿಗಲ್ಲ, ಗುಂಡಿನ ಮುಂದೆ ಬಾಯ್ದೆರೆದ ಕಂಡಿಗೆ.

‘ಅಟ್ಯಾಕ್’ನ ಮಂಗಳವಾಸಿಗಳ ಕಥೆಯನ್ನು ಮುಂದುವರಿಸಿದ ‘ರಿವೆಂಜ್ ಫ್ರಮ್ ಮಾರ್ಸ್’ (1999) ವೈಭವದ ಕಡೆಗೆ ವಾಲಿತು. ಪೆಟ್ಟಿಗೆಯ ತಲೆಯಲ್ಲಿ ಕೆಳಮುಖವಾಗಿ ಕೂರಿಸಿದ ಮಾನಿಟರಿನ ಬಿಂಬ ಹಲಗೆಯ ಮೇಲಿನ ಗಾಜಿನಲ್ಲಿ ಪ್ರತಿಫಲಿಸಿ, ಮಂಗಳವಾಸಿಗಳು ಹಲಗೆಯ ಮೇಲೇ ಓಡಾಡುತ್ತಿರುವಂತೆ ಕಾಣಿಸುತ್ತಾರೆ. ಗಾಜಿನ ಈ ಕಣ್ಕಟ್ಟು ಹೊಸದೇನಲ್ಲ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಇದೇ ತತ್ತ್ವದಿಂದ ರಂಗದ ಮೇಲೆ ದೆವ್ವವನ್ನು ತಂದು ನಿಲ್ಲಿಸಿದ್ದರು. ಗಾಜಿಗೆ ಈಚೆ ಎಷ್ಟು ದೂರದಲ್ಲಿ ವಸ್ತುವಿದೆಯೋ ಆಚೆ ಅಷ್ಟೇ ದೂರದಲ್ಲಿ ಬಿಂಬ ಕಾಣುವುದೆಂಬ ಶಾಲೆಯ ಪಾಠವೇ ಅದರ ಗುಟ್ಟು. ಆದರೆ ದೆವ್ವಕ್ಕೆ ದೇಹವಿಲ್ಲ. ಗುಂಡು ಬಿಂಬಕ್ಕೆ ಬಡಿದು ಸಿಡಿಯಲಾರದು. ಬಡಿಯುವುದು ಬಿಂಬದ ಅಡಿಯ ನಿಜವಾದ ಗುರಿಗಳಿಗೆ, ಅವು ಇದ್ದಲ್ಲೇ ಇರುತ್ತವೆ. ಪರದೆಯಲ್ಲಿ ಹತ್ತು ಬಗೆಯ ದೃಶ್ಯಗಳು ಬದಲಾದರೂ ಮಣಿಕಟ್ಟು ಕಲಿಯಬೇಕಾದ ಕೋನಗಳು ಅವೇ. ಮಾರಾಟದಲ್ಲಿ ಇದು ಹಿಂದಿನದನ್ನು ಮೀರಿಸಿತು, ಸುಮಾರು 6,900 ಯಂತ್ರಗಳು, ‘ಅಟ್ಯಾಕ್’ನ ಇಮ್ಮಡಿಯಷ್ಟು, ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಆದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಈ ಯಂತ್ರಗಳ ತಯಾರಕರಾದ ವಿಲಿಯಮ್ಸ್ ಕಂಪನಿ ಪಿನ್‌ಬಾಲ್ ತಯಾರಿಕೆಯನ್ನೇ ನಿಲ್ಲಿಸಿತು. ಮುಂದೆ ಬೇರೆಯವರು ಹೊಸದಾಗಿ ತಯಾರಿಸಿ ಮಾರುಕಟ್ಟೆಗೆ ತಂದದ್ದು ‘ಮೆಡೀವಲ್ ಮ್ಯಾಡ್‌ನೆಸ್’ ಮತ್ತು ‘ಅಟ್ಯಾಕ್ ಫ್ರಮ್ ಮಾರ್ಸ್’ಗಳನ್ನು.

ವೈಭವವೆಲ್ಲ ವ್ಯರ್ಥವೆಂದು ಇದರಿಂದ ತಿಳಿಯಬಾರದು. ನಮ್ಮ ಕಣ್ಣು ಸ್ಪಷ್ಟವಾಗಿ ಕಾಣುವುದು ಸುಮಾರು ಎರಡು ಡಿಗ್ರಿಯಷ್ಟು ಕಿರಿದಾದ ಕ್ಷೇತ್ರವನ್ನು ಮಾತ್ರ, ಅಂದರೆ ಚಾಚಿದ ಕೈಯ ಹೆಬ್ಬೆರಳಿನ ಅಗಲವನ್ನು. ಆಡುವಾಗ ಆ ಹೆಬ್ಬೆರಳಗಲವನ್ನು ಗುಂಡೇ ಆಕ್ರಮಿಸಿಕೊಂಡಿರುವುದರಿಂದ ಹಿಂಬದಿಯ ಪರದೆ ಎಷ್ಟೇ ಮಿರುಗಿದರೂ ಅದು ಪಕ್ಕದಲ್ಲಿ ನಿಂತು ನೋಡುವವರ ಪಾಲಿಗೆ. ಕಿವಿಗೆ ಇಂಥ ಕಟ್ಟುಪಾಡಿಲ್ಲ. ವಿಲಿಯಮ್ಸ್‌ನ ‘ಗೋರ್ಗರ್’ 1979ರಲ್ಲಿ ಮೊದಲ ಮಾತನಾಡುವ ಪಿನ್‌ಬಾಲ್ ಆಗಿ ಬಂದಾಗ ಅದರ ಶಬ್ದಭಂಡಾರ ಏಳೇ ಪದಗಳದ್ದಾಗಿತ್ತು. ಜನ ಅದನ್ನು ವಿನೋದವೆಂದುಕೊಂಡರು. ವಾಸ್ತವವಾಗಿ ಕಣ್ಣನ್ನು ಎತ್ತದೆಯೇ ಸುದ್ದಿ ತಿಳಿಯುವ ದಾರಿ ತೆರೆದಿತ್ತು. ಯಾವ ರ‍್ಯಾಂಪಿಗೆ ಈಗ ಬೆಲೆಯಿದೆ, ಕಾಲಾವಧಿ ಮುಗಿಯುತ್ತಿದೆಯೇ ಎಂಬುದನ್ನು ಒಂದು ಕೂಗು, ಸಂಗೀತದ ಒಂದು ಏರಿಕೆ ಹೇಳಿಬಿಡುತ್ತದೆ. ಯಂತ್ರವನ್ನು ತೂಗಿ ನೋಡಲು ನಾನು ಬಳಸುವ ಉಪಾಯವೂ ಸರಳ: ಪರದೆಗೆ ಬಟ್ಟೆ ಹೊದಿಸಿ ಒಮ್ಮೆ, ದನಿಯನ್ನು ಅಡಗಿಸಿ ಇನ್ನೊಮ್ಮೆ ಆಡುವುದು. ಒಳ್ಳೆಯ ಯಂತ್ರ ಮೊದಲನೆಯದನ್ನು ಗಮನಿಸುವುದೇ ಇಲ್ಲ, ಎರಡನೆಯದಕ್ಕೆ ಕುಂಟುತ್ತದೆ.

ಎಲ್ಲಕ್ಕಿಂತ ಅಪರೂಪವಾದದ್ದು ವೈಭವವೇ ಭೌತಶಾಸ್ತ್ರವಾಗುವ ಸಂದರ್ಭ. ‘ಅಟ್ಯಾಕ್ ಫ್ರಮ್ ಮಾರ್ಸ್’ನ ಒಂದು ಘಟ್ಟದಲ್ಲಿ ದೀಪಗಳು ಮಂಕಾಗಿ, ಬಿಟ್ಟುಬಿಟ್ಟು ಹೊಳೆಯುವ ಬೆಳಕಿನಲ್ಲಿ ಹಲವು ಗುಂಡುಗಳು ತುಂಡುತುಂಡು ಚಲನೆಯಾಗಿ ಮಾತ್ರ ಕಾಣುತ್ತವೆ, ಆಗ ಅಲಂಕಾರವೇ ಆಟದ ಕಷ್ಟವಾಗಿ ಬದಲಾಗುತ್ತದೆ. ಪ್ಯಾಟ್ ಲಾಲರ್ ಅವರ ‘ಟ್ವಿಲೈಟ್ ಝೋನ್’ (1993) ಇನ್ನೂ ಮುಂದೆ ಹೋಗಿ, ಉಕ್ಕಿನ ಗುಂಡುಗಳ ನಡುವೆ ಪಿಂಗಾಣಿಯ ಒಂದು ಬಿಳಿ ಗುಂಡನ್ನು ಬೆರೆಸಿಟ್ಟಿತು. ಅದು ಉಕ್ಕಿನದಕ್ಕಿಂತ ಹಗುರ, ಹಲಗೆಯ ಕೆಳಗಿನ ಅಯಸ್ಕಾಂತಗಳಿಗೆ ಜಗ್ಗುವುದಿಲ್ಲ. ಲೋಹವನ್ನು ಗುರುತಿಸುವ ಸಂವೇದಕ ಸುಮ್ಮನಿದ್ದಾಗ ಯಂತ್ರಕ್ಕೆ ಬಂದದ್ದು ಅದೇ ಎಂದು ತಿಳಿಯುತ್ತದೆ. ನೋಡುವವರಿಗೆ ಅದೊಂದು ಬಣ್ಣದ ಬದಲಾವಣೆ. ಫ್ಲಿಪ್ಪರ್ ಹಿಡಿದವನಿಗೆ ಮಾತ್ರ, ಅಷ್ಟು ಹೊತ್ತು ಪಳಗಿಸಿಕೊಂಡ ಮಿಲಿಸೆಕೆಂಡುಗಳೆಲ್ಲ ಒಮ್ಮೆಗೇ ಸುಳ್ಳಾಗಿ, ಅದೇ ಹೊಡೆತಕ್ಕೆ ಗುಂಡು ಅನಿರೀಕ್ಷಿತ ವೇಗದಲ್ಲಿ ರ‍್ಯಾಂಪಿನತ್ತ ಚಿಮ್ಮಿರುತ್ತದೆ.