ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಅಮೆರಿಕ ತಲುಪೋದು ಹೇಗೆ?

ಪ್ರಶ್ನೆ: ಮಗಳ ಬಾಣಂತನಕ್ಕೆ ಜನವರಿಯಲ್ಲಿ ಹೊರಟಿದ್ದೇವೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ನೇರ ವಿಮಾನ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತೆ ಅಂತ ಟಿಕೆಟ್‌ನಲ್ಲಿದೆ. ಮೂರೇ ಗಂಟೆಯಾ?

ಉತ್ತರ: ಮೂರಲ್ಲ ಅಮ್ಮಾ, ಹದಿನಾರೂವರೆ ಗಂಟೆ! ಟಿಕೆಟ್‌ನಲ್ಲಿ ಹೊರಡುವ ಹೊತ್ತು ಬೆಂಗಳೂರಿನದು, ಇಳಿಯುವ ಹೊತ್ತು ಅಲ್ಲಿಯದು. ಚಳಿಗಾಲದಲ್ಲಿ ಅವರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ನೀವು ಇಳಿಯುವಾಗ ನಿಮ್ಮ ಮನೆಯ ಗೋಡೆ ಗಡಿಯಾರದಲ್ಲಿ ಮರುದಿನ ಬೆಳಗ್ಗೆ 6.30. ಅದರಲ್ಲಿ ಹದಿಮೂರೂವರೆ ಗಂಟೆ ಕಳೆಯಿರಿ, ಹಿಂದಿನ ದಿನದ ಸಂಜೆ 5 ಬಂತಲ್ವಾ? ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಆಗ ಕಳೆಯಬೇಕಾದ್ದು ಹನ್ನೆರಡೂವರೆ.

ದೂರ ಸುಮಾರು 14,000 ಕಿ.ಮೀ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರಿಗೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ಗೋಡೆ ಮ್ಯಾಪ್ ನೋಡಿದವರು ಪೆಸಿಫಿಕ್ ಸಾಗರದ ನಡುವೆ ಹೋಗುತ್ತೆ ಅಂದುಕೊಳ್ಳುತ್ತಾರೆ. ದಾರ ಹಾಗೆ ನಿಲ್ಲೋದೇ ಇಲ್ಲ, ಮೇಲಕ್ಕೆ ಜಾರುತ್ತದೆ. ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ನನಗಂತೂ ಇದನ್ನು ಎಷ್ಟು ಸಲ ಮಾಡಿದರೂ ಖುಷಿ.

ಆದರೆ ವಿಮಾನ ಈ ದಾರದ ಮೇಲೇ ಹೋಗಬೇಕೆಂದಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಕೆಲವು ಸಲ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಆ ಗಾಳಿ ಬೆನ್ನಿಗಿದ್ದರೆ ಸುತ್ತು ದಾರಿಯೂ ಬೇಗ ಮುಗಿಯುತ್ತದೆ. 2021ರಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಬಂದಾಗ ಉತ್ತರ ಧ್ರುವದ ಕಡೆಯಿಂದ ಸುತ್ತಿ, ಸುಮಾರು 16,000 ಕಿ.ಮೀ. ಹಾರಿತ್ತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಜನವರಿ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿದರು. ನೀವು ಹೋಗುವಾಗ ಉಳಿದ ಹೊತ್ತು ವಾಪಸ್ ಬರುವಾಗ ಹೀಗೆ ಕಳೆದುಹೋಗುತ್ತದೆ. ಹಾಗಾಗಿ ಮಗಳಿಗೆ ವಾಪಸ್ ಟಿಕೆಟ್ ಮಾಡಲು ಹೇಳುವಾಗ ಯಾವ ತಾರೀಕಿಗೆ ಮನೆಯಲ್ಲಿರಬೇಕು ಅನ್ನೋದನ್ನು ಮೊದಲು ಹೇಳಿ.

ನೇರ ವಿಮಾನ ಸಿಗದೆ ದುಬೈ ಮೇಲೆ ಹೋಗಬೇಕಾದರೆ, ಅಲ್ಲಿಗೆ ನಾಲ್ಕು ಗಂಟೆ, ಮುಂದಕ್ಕೆ ಮತ್ತೆ ಹದಿನಾರರ ಹತ್ತಿರ. ನಡುವೆ ಕಾಯುವ ಹೊತ್ತು ಸೇರಿದರೆ ಒಂದು ಹಗಲು, ಒಂದು ರಾತ್ರಿ ಪೂರ್ತಿ. ಟಿಕೆಟ್‌ನಲ್ಲಿ 'ಒಟ್ಟು ಪ್ರಯಾಣದ ಅವಧಿ' ಎಲ್ಲಿದೆ ಅಂತ ಹುಡುಕಿ, ಅದನ್ನೇ ನಂಬಿ.

ಒಂದು ಕೈಗಡಿಯಾರವನ್ನು ಬೆಂಗಳೂರಿನ ಹೊತ್ತಿಗೇ ಬಿಟ್ಟುಬಿಡಿ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರಾದರೆ ಅವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ದಾರಿಯಲ್ಲಿ ಯಾವಾಗ ನುಂಗಬೇಕು ಅಂತ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.