ಎದುರು ಮನೆಯ ಕಿಟಕಿ: ಅಸ್ತಿತ್ವವಾದಿ ಕಥೆಗಳಲ್ಲಿ ನೋಡುವ ಕಣ್ಣು

ಬದುಕಿಗೆ ಸಿದ್ಧ ಅರ್ಥವಿಲ್ಲ, ಮನುಷ್ಯ ಒಂಟಿ ಎಂಬಲ್ಲಿಂದ ಹೊರಡುವ ಕಥೆಗಳನ್ನು ಅಸ್ತಿತ್ವವಾದಿ ಎನ್ನುತ್ತಾರೆ. ಜರ್ಮನ್ ಭಾಷೆಯ ಲೇಖಕ ಕಾಫ್ಕಾನ ‘ದ ಟ್ರಯಲ್’ ಕಾದಂಬರಿ ಅಂದ ಕೂಡಲೇ ನೆನಪಾಗುವುದು ಕಾರಣವಿಲ್ಲದ ಬಂಧನ. ಅದರ ನಾಯಕ ಯೋಸೆಫ್ ಕೆ. ತನ್ನ 30ನೇ ಹುಟ್ಟುಹಬ್ಬದ ಬೆಳಿಗ್ಗೆ ಇನ್ನೂ ಹಾಸಿಗೆಯಲ್ಲಿದ್ದಾನೆ. ಆದರೆ ಕಾವಲುಗಾರ ಕೋಣೆಗೆ ಕಾಲಿಡುವ ಮೊದಲೇ ಅಲ್ಲೊಂದು ಸಣ್ಣ ಸಂಗತಿ ನಡೆಯುತ್ತದೆ. ಎದುರು ಮನೆಯ ಅಜ್ಜಿ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಾಳೆ. ಆಮೇಲೆ ಅವಳ ಪಕ್ಕ ಒಬ್ಬ ಮುದುಕ ಬರುತ್ತಾನೆ, ಅವರ ಬೆನ್ನಿಗೆ ಇನ್ನೊಬ್ಬ ಎತ್ತರದವ. ಇವರ್‍ಯಾರೂ ಕೋರ್ಟಿನವರಲ್ಲ, ಗೂಢಚಾರರೂ ಅಲ್ಲ. ಸುಮ್ನೆ ನೋಡುತ್ತಿದ್ದಾರೆ, ಅಷ್ಟೆ.

ಕಾದಂಬರಿ ಮುಗಿಯುವುದೂ ಕಿಟಕಿಯ ಹತ್ತಿರವೇ. 31ನೇ ಹುಟ್ಟುಹಬ್ಬದ ಹಿಂದಿನ ರಾತ್ರಿ ಕಲ್ಲು ಕ್ವಾರಿಯಲ್ಲಿ ಅವನನ್ನು ಕೊಲ್ಲುವ ಮುಂಚೆ, ಪಕ್ಕದ ಮನೆಯ ಮೇಲಂತಸ್ತಿನ ಕಿಟಕಿ ತೆರೆದು ಯಾರೋ ಕೈ ಚಾಚುತ್ತಾರೆ. ಗೆಳೆಯನಾ? ಕಾಪಾಡುವವನಾ? ತಿಳಿಯುವುದೇ ಇಲ್ಲ.

ಇದನ್ನು ಪೊಲೀಸ್ ರಾಜ್ಯದ ಕಥೆ ಎಂದು ಓದುವವರು ಜಾಸ್ತಿ. ನನಗೆ ಅದು ಅರ್ಧ ಓದು ಅನಿಸುತ್ತದೆ. ಕಾಫ್ಕಾ ಇದನ್ನು 1914ರಲ್ಲಿ ಶುರು ಮಾಡಿ ಮರುವರ್ಷದ ಆರಂಭದಲ್ಲೇ ಕೈಬಿಟ್ಟ. ಅಚ್ಚಾಗಿದ್ದು ಅವನು ತೀರಿಹೋದ ಮೇಲೆ, 1925ರಲ್ಲಿ. ಅಲ್ಲಿ ನಿಜವಾಗಿ ಎದೆ ನಡುಗಿಸುವುದು ಕಾನೂನಿಗಿಂತ ಹೆಚ್ಚಾಗಿ ಆ ಕಿಟಕಿಗಳು. ಎಲ್ಲರೂ ನಿನ್ನನ್ನು ನೋಡುತ್ತಾರೆ, ಒಬ್ಬರೂ ನಿನ್ನ ಜೊತೆಗಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಓದಿದವರಿಗೆ ಈ ದಿಗಿಲಿನ ಪರಿಚಯ ಇದ್ದೇ ಇರುತ್ತದೆ. ಮುಂಬಯಿಯಲ್ಲಿ ಕೆಲಸದಿಂದ ಸಸ್ಪೆಂಡ್ ಆದ ನಾಗಪ್ಪನಿಗೆ ಪ್ರತಿ ಮುಖದ ಹಿಂದೆಯೂ ಒಂದು ಹೊಂಚು ಕಾಣುತ್ತದೆ.

ಈ ಕಣ್ಣಿನ ಕಥೆ ಕಾಫ್ಕಾನಿಂದ ಶುರುವಾಗಿದ್ದಲ್ಲ. 1864ರ ದೊಸ್ತೊಯೆವ್‌ಸ್ಕಿಯ ‘ನೋಟ್ಸ್ ಫ್ರಮ್ ಅಂಡರ್‌ಗ್ರೌಂಡ್’ನಲ್ಲಿ ಅದು ತಲೆಕೆಳಗಾಗಿತ್ತು. ಅಲ್ಲಿ ಒಬ್ಬ ಅಧಿಕಾರಿ ನಾಯಕನ ಭುಜ ಹಿಡಿದು, ಮಾತೂ ಆಡದೆ, ಕುರ್ಚಿ ಸರಿಸಿದಂತೆ ಅವನನ್ನು ಪಕ್ಕಕ್ಕೆ ಸರಿಸಿ ಹೋಗುತ್ತಾನೆ. ಹೊಡೆದಿದ್ದರೂ ಸಹಿಸುತ್ತಿದ್ದೆ, ನಾನು ಅವನ ಕಣ್ಣಿಗೇ ಬೀಳಲಿಲ್ಲವಲ್ಲ ಎಂಬುದೇ ಇವನ ಉರಿ. ವರ್ಷಗಟ್ಟಲೆ ಆ ಅಧಿಕಾರಿಯ ಮೇಲೆ ನಿಗಾ ಇಡುತ್ತಾನೆ, ಮನೆ ಪತ್ತೆ ಮಾಡುತ್ತಾನೆ. ಕೊನೆಗೊಂದು ದಿನ ಪೀಟರ್ಸ್‌ಬರ್ಗಿನ ನೆವ್‌ಸ್ಕಿ ರಸ್ತೆಯಲ್ಲಿ, ಸಾಲ ಮಾಡಿ ಕೋಟಿಗೆ ಒಳ್ಳೆಯ ತುಪ್ಪಳದ ಕಾಲರ್ ಹಾಕಿಸಿಕೊಂಡು, ಕಣ್ಣು ಮುಚ್ಚಿ ಅವನ ಭುಜಕ್ಕೆ ಭುಜ ತಾಗಿಸುತ್ತಾನೆ. ಅಧಿಕಾರಿ ತಿರುಗಿಯೂ ನೋಡುವುದಿಲ್ಲ. ಯಾರ ಕಣ್ಣಿಗೂ ಬೀಳದವನೇ ಎಲ್ಲರಿಗಿಂತ ಜಾಸ್ತಿ ನೋಡುತ್ತಾನೆ, ಅಲ್ವಾ?

1943ರಲ್ಲಿ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ ಇದಕ್ಕೊಂದು ತತ್ವವನ್ನೇ ಕಟ್ಟಿದ. ಪ್ಯಾರಿಸ್ ಆಗ ಜರ್ಮನ್ನರ ಕೈಯಲ್ಲಿತ್ತು, ಅವನೂ ಯುದ್ಧಕೈದಿಯಾಗಿದ್ದು ಬಂದಿದ್ದ. ಬೀಗದ ಕಿಂಡಿಯಲ್ಲಿ ಇಣುಕುತ್ತಿದ್ದವನಿಗೆ ಹಿಂದೆ ಹೆಜ್ಜೆ ಸದ್ದು ಕೇಳಿಸುತ್ತದೆ, ತಕ್ಷಣ ನಾಚಿಕೆ ಮೈತುಂಬ ಹರಡುತ್ತದೆ. ಈ ಉದಾಹರಣೆ ಬಹಳ ಜನರಿಗೆ ಗೊತ್ತು. ನನಗೆ ಇನ್ನೂ ಹಿಡಿಸುವುದು ಅವನು ಕೊಡುವ ಇನ್ನೊಂದು ಚಿತ್ರ: ಪೊದೆಗಳ ನಡುವೆ ತೆವಳುತ್ತಿರುವ ಸೈನಿಕರಿಗೆ ಗುಡ್ಡದ ಮೇಲಿನ ಒಂದು ಬಿಳಿ ತೋಟದ ಮನೆಯೇ ಕಣ್ಣಾಗುತ್ತದೆ. ಒಳಗೆ ಯಾರಾದರೂ ಇರಲೇಬೇಕೆಂದಿಲ್ಲ. ಮರುವರ್ಷ ರಂಗಕ್ಕೆ ಬಂದ ಅವನ ‘ನೋ ಎಕ್ಸಿಟ್’ ನಾಟಕದ ನರಕದಲ್ಲಿ ಕನ್ನಡಿಗಳಿಲ್ಲ, ಯಾರೂ ರೆಪ್ಪೆ ಮುಚ್ಚುವಂತಿಲ್ಲ.

ಆದರೆ ಈ ಸಾಲಿನಲ್ಲಿ ನನ್ನನ್ನು ಬಿಡದೆ ಕಾಡುವುದು ಫ್ರೆಂಚ್ ಲೇಖಕ ಕಮೂನ 1942ರ ಕಾದಂಬರಿ ‘ದ ಔಟ್‌ಸೈಡರ್’. ತಾಯಿಯ ಶವದ ಪಕ್ಕ ರಾತ್ರಿ ಕೂತ ನಾಯಕ ಮರ್ಸೋನ ಎದುರಿಗೆ ವೃದ್ಧಾಶ್ರಮದ ಮುದುಕರು ಬಂದು ಸಾಲಾಗಿ ಕೂರುತ್ತಾರೆ. ಇವರು ನನ್ನ ವಿಚಾರಣೆಗೇ ಬಂದಿದ್ದಾರೆ ಎಂದು ಅವನಿಗೆ ಒಂದು ಕ್ಷಣ ಅನಿಸುತ್ತದೆ. ಆಮೇಲೆ ಕೊಲೆ ಮಾಡಿ ಸಿಕ್ಕಿಬಿದ್ದಾಗ, ನಿಜವಾದ ಕೋರ್ಟಿನಲ್ಲಿ ಜೂರಿಯವರು ಟ್ರಾಮಿನ ಬೆಂಚಿನ ಮೇಲೆ ಕೂತ ಪ್ರಯಾಣಿಕರ ಹಾಗೆ ಕಾಣುತ್ತಾರೆ. ಅಲ್ಲೊಬ್ಬ ಎಳೆಯ ಪತ್ರಕರ್ತ ಪೆನ್ನು ಕೆಳಗಿಟ್ಟು, ತಿಳಿಗಣ್ಣಿನಿಂದ ಇವನನ್ನೇ ದಿಟ್ಟಿಸುತ್ತಾನೆ. ಮರ್ಸೋಗೆ ತನ್ನನ್ನು ತಾನೇ ನೋಡುತ್ತಿರುವಂತೆ ವಿಚಿತ್ರವಾಗಿ ಭಾಸವಾಗುತ್ತದೆ. ಹೊರಗಿದ್ದ ಕಣ್ಣು ಇಲ್ಲಿ ಅವನದೇ ಆಗಿಬಿಡುತ್ತದೆ.

ಕಾಫ್ಕಾ ಇದನ್ನೂ ಮೊದಲೇ ಮುಟ್ಟಿದ್ದ. 1923–24ರ ಚಳಿಗಾಲದಲ್ಲಿ ಬರೆದ ‘ದ ಬರೋ’ ಕಥೆಯಲ್ಲಿ ಒಂದು ಪ್ರಾಣಿ ಕಷ್ಟಪಟ್ಟು ಬಿಲ ತೋಡುತ್ತದೆ. ಆಮೇಲೆ ಹೊರಗೆ ಬಂದು ಅಡಗಿ ಕೂತು, ತನ್ನ ಬಿಲದ ಬಾಗಿಲನ್ನು ತಾನೇ ಹಗಲೂ ರಾತ್ರಿ ಕಾಯುತ್ತದೆ. ಒಳಗೆ ನಾನು ನಿದ್ದೆ ಮಾಡುತ್ತಿದ್ದೇನೆ, ಹೊರಗೆ ನಾನೇ ಕಾವಲಿದ್ದೇನೆ ಎಂದು ಕಲ್ಪಿಸಿಕೊಂಡು ಖುಷಿಪಡುತ್ತದೆ. ಆದರೆ ಆ ಖುಷಿಗಾಗಿ ಅದು ಇರಬೇಕಾಗಿರುವುದು ಬಿಲದ ಹೊರಗೆ.

ನಾಟಕಕಾರ ಬೆಕೆಟ್ ಬರೆದ ‘ಫಿಲ್ಮ್’ ಎಂಬ ಪುಟ್ಟ ಚಿತ್ರದ ಶೂಟಿಂಗ್ 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಮುಖ ಮುಚ್ಚಿಕೊಂಡು ಗೋಡೆ ಪಕ್ಕ ಓಡಿ ಒಂದು ಕೋಣೆ ಸೇರುತ್ತಾನೆ. ಕಿಟಕಿಗೆ ಪರದೆ ಎಳೆಯುತ್ತಾನೆ, ಕನ್ನಡಿಗೆ ಹೊದಿಕೆ ಹಾಕುತ್ತಾನೆ. ನಾಯಿ, ಬೆಕ್ಕುಗಳನ್ನು ಹೊರಗೆ ಹಾಕುತ್ತಾನೆ, ಗಿಳಿಯ ಪಂಜರವನ್ನೂ ಮೀನಿನ ತೊಟ್ಟಿಯನ್ನೂ ಮುಚ್ಚುತ್ತಾನೆ, ಗೋಡೆಯ ಮೇಲಿನ ದೇವರ ಚಿತ್ರವನ್ನೂ ತನ್ನ ಹಳೆಯ ಫೋಟೋಗಳನ್ನೂ ಹರಿದು ಹಾಕುತ್ತಾನೆ. ಇನ್ನು ಯಾವ ಕಣ್ಣೂ ಉಳಿದಿಲ್ಲ ಎಂದು ತೂಗುಕುರ್ಚಿಯಲ್ಲಿ ಕೂತು ತೂಕಡಿಸುತ್ತಾನೆ. ಎಚ್ಚರಾದಾಗ ಎದುರಿಗೆ ನಿಂತು ನೋಡುತ್ತಿರುವುದು ಅವನದೇ ಮುಖ.